ಅಕ್ಕನ ಮೂಲೆ

ನಮ್ಮಪ್ಪ ಮಾಡಿಸಿದ ದೋಣಿಗೆ ಎಡಗಡೆ ಹುಚ್ಚು. ಎಷ್ಟೇ ನೆಟ್ಟಗೆ ನೂಕಿದರೂ ನಾಲ್ಕು ಮಾರು ಹೋಗುವಷ್ಟರಲ್ಲಿ ಅದು ಎಡಕ್ಕೆ ಮೂತಿ ತಿರುಗಿಸಿರುತ್ತಿತ್ತು. ಅಪ್ಪನಿಗೆ ಹೇಳಿದರೆ, "ದೋಣಿ ಸರ್ಯಾಗೈತೆ, ನಿನ್ ಕೈ ಸರ್ಯಾಗಿಲ್ಲ" ಅನ್ನುತ್ತಿದ್ದರು. ತಾವು ಮಾಡಿಸಿದ್ದರಲ್ಲಿ ಕೊರತೆಯಿದೆ ಎಂದು ಒಪ್ಪುವ ಜಾಯಮಾನ ಅವರದ್ದಲ್ಲ. ನನ್ನದೂ ಅಲ್ಲ, ಆ ಮಾತು ಬಿಡಿ.

ಐವತ್ತರ ದಶಕದ ನಡುವೆ ನಡೆದದ್ದು ಇದು. ಯಲಹಂಕದ ಆಚೆ, ಕೆರೆಯ ಹಿನ್ನೀರಿನ ಪಕ್ಕದ ದಿಬ್ಬದ ಮೇಲೆ ನಮ್ಮ ಮನೆ, ಹೊಲ, ಸೊಪ್ಪಿನ ಪಾತಿಗಳು. ಬೇಸಿಗೆಯಲ್ಲಿ ಕೆರೆಯಂಗಳದಲ್ಲೇ ನಡೆದು ರಸ್ತೆ ಸೇರುತ್ತಿದ್ದೆವು. ಆ ವರ್ಷ ಮಳೆ ಹಿಡಿದು ಕೆರೆ ಕೋಡಿ ಹರಿಯಿತು; ದಾರಿ ಮುಳುಗಿದ್ದು ಮತ್ತೆ ಮೇಲೇಳಲಿಲ್ಲ. ಸುತ್ತಿಕೊಂಡು ಹೋಗೋಣವೆಂದರೆ ಮೊಣಕಾಲುದ್ದ ಕೆಸರು, ಕಾಲಿಟ್ಟಲ್ಲೆಲ್ಲ ಜಾಲಿಮುಳ್ಳು. ಹೊತ್ತು ತಂದ ಸೊಪ್ಪು ರಸ್ತೆ ಕಾಣುವಷ್ಟರಲ್ಲಿ ಬಾಡಿ ಜೋತುಬಿದ್ದಿರುತ್ತಿತ್ತು. ಆಗ ನಮ್ಮ ಸೋದರಮಾವ ಒಂದು ಉಪಾಯ ಹೇಳಿದ. ಯುದ್ಧದ ಕಾಲದಲ್ಲಿ ಪಲ್ಟನ್ನಿನ ಜೊತೆ ಬರ್ಮಾ ಕಡೆ ಹೋಗಿ, ಡ್ರಮ್ಮುಗಳ ಮೇಲೆ ಸೇತುವೆ ಕಟ್ಟಿ ಬಂದಿದ್ದವನು ಅವನು. "ಪಾಂಟೂನ್ ಮಾಡ್ಸು ಭಾವ, ಮುಳುಗೋ ಮಾತೇ ಇಲ್ಲ" ಎಂದು ಇದ್ದಿಲಿನಲ್ಲಿ ಜಗಲಿಯ ಮೇಲೆ ಚಿತ್ರ ಬರೆದು ತನ್ನೂರಿಗೆ ಹೋದ. ಅದು ತೇಲಿದ್ದನ್ನು ನೋಡಲು ಮಾತ್ರ ಪುಣ್ಯಾತ್ಮ ಬರಲೇ ಇಲ್ಲ.

ಗುಜರಿಯಿಂದ ಆರು ಖಾಲಿ ಎಣ್ಣೆ ಡ್ರಮ್ಮು ಬಂದವು. ಬದಿಗೆ ಮೂರರಂತೆ ಮಲಗಿಸಿ, ಅಡ್ಡಡ್ಡ ಸರ್ವೆ ಮರ ಬಿಗಿದು, ಮೇಲೆ ಹಲಗೆ ಬಡಿದರು. ಬಾಯಿಗಳಿಗೆ ಡಾಂಬರು ಮೆತ್ತಿದರು. ನೀರಿಗಿಳಿಸಿದ ಮೇಲೆ ಅಮ್ಮ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಹೋಳುಗಳನ್ನು ಅದರ ಮೇಲಿಟ್ಟು ಆರತಿ ಎತ್ತುವಷ್ಟರಲ್ಲಿ ದೋಣಿ ತಾನಾಗಿ ಹೊರಟುಬಿಟ್ಟಿತು, ಕಾಯಿ ಹೋಳಿನ ಸಮೇತ! ಹಗ್ಗ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಲಂಗ ಕಚ್ಚೆ ಹಾಕಿ ಈಜಿ ಹೋಗಿ ಹಿಡಿದು ತಂದೆ. ಆ ದಿನಗಳಲ್ಲಿ ಅಪ್ಪ ಅದರಲ್ಲಿ ಕೂತು ಹೋದದ್ದು ಅವತ್ತು ಒಂದೇ ಸಲ. ಅವರಿಗೆ ಮಂಡಿ ನೋವು, ನಿಂತು ಬಿದಿರು ಗಳ ಊರಿ ನೂಕುವುದು ಆಗುತ್ತಿರಲಿಲ್ಲ. ಹೀಗಾಗಿ ದೋಣಿ ನನ್ನ ಪಾಲಿಗೆ ಬಂತು. ನನಗೆ ಆಗ ಇನ್ನೂ ಹದಿನಾರು ತುಂಬಿರಲಿಲ್ಲ.

ಅದರ ಗುಣ ತಿಳಿಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಖಾಲಿ ಇದ್ದರೆ ಒಂದು ಕಡೆ ಕಾಲಿಟ್ಟರೆ ಸಾಕು, ಇನ್ನೊಂದು ಕಡೆಯ ಡ್ರಮ್ಮು ಹೊಟ್ಟೆ ತೋರಿಸುತ್ತಿತ್ತು. ಭಾರ ಬಿದ್ದರೆ ಮರ್ಯಾದೆಯಿಂದ ಕೂರುತ್ತಿತ್ತು, ಆದರೆ ಹೊರಡಲು ಒಲ್ಲೆ ಅನ್ನುತ್ತಿತ್ತು. ಹೊರಟಿತೋ, ನಿಲ್ಲಲು ಒಲ್ಲೆ. ದಡದ ಒಗೆಯುವ ಕಲ್ಲಿಗೆ ಎಷ್ಟು ಸಲ ಗುದ್ದಿದೆನೋ ಲೆಕ್ಕವಿಲ್ಲ. ಬಿಸಿಲೇರಿದರೆ ಡ್ರಮ್ಮುಗಳು ಇದ್ದಕ್ಕಿದ್ದಂತೆ ಡಬ್ ಎನ್ನುತ್ತಿದ್ದವು. ಮೊದಲ ಸಲ ಕೇಳಿದಾಗ ಕೆಳಗಿನಿಂದ ಯಾರೋ ಗುದ್ದಿದರು ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ನಡುವೆ ಒಂದಷ್ಟು ದೂರ ಗಳ ನೆಲಕ್ಕೆ ಎಟುಕುತ್ತಿರಲಿಲ್ಲ, ಅಲ್ಲಿ ಒಂದು ತುಂಡು ಹಲಗೆಯನ್ನು ಹುಟ್ಟಿನಂತೆ ಹಾಕುತ್ತಾ ಹೋಗಬೇಕು. ಮಧ್ಯಾಹ್ನದ ಮೇಲಂತೂ ಗಾಳಿ ಎದ್ದು, ಮುಳುಗಿ ತುದಿ ಮಾತ್ರ ಕಾಣುತ್ತಿದ್ದ ಜಾಲಿಮರಗಳ ಕಡೆಗೆ ತಳ್ಳುತ್ತಿತ್ತು.

ಎಡಗಡೆ ಹುಚ್ಚಿಗೆ ಕಾರಣ ತಿಳಿಯಲು ನನಗೆ ಬಹಳ ಸಮಯ ಹಿಡಿಯಿತು. ಎಡಗಡೆಯ ಹಿಂದಿನ ಡ್ರಮ್ಮು ಡಾಂಬರು ಮೆತ್ತಿದರೂ ಸಣ್ಣಗೆ ನೀರು ಕುಡಿಯುತ್ತಿತ್ತು. ಕಿವಿಗೊಟ್ಟರೆ ಗೊಳಗೊಳ ಎಂದು ಕೇಳಿಸುತ್ತಿತ್ತು. ಆ ಮೂಲೆ ತಗ್ಗಿದರೆ ದೋಣಿ ಅತ್ತಲೇ ತಿರುಗುತ್ತಿತ್ತು. ಅದಕ್ಕೆ ಇದ್ದ ಮದ್ದು ಒಂದೇ, ಎದುರು ಮೂಲೆಯಲ್ಲಿ, ಬಲಗಡೆ ಮುಂದೆ, ಒಬ್ಬರು ಅಲ್ಲಾಡದೆ ಕೂರಬೇಕು. ಅಲ್ಲಿ ಕೂರುತ್ತಿದ್ದವಳು ನಮ್ಮಕ್ಕ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಬಾವಿಗೆ ಜಾರಿ ಬಿದ್ದು ಬದುಕಿದವಳು, ನೀರು ಕಂಡರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಸೊಪ್ಪಿನ ಕುಕ್ಕೆ ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಹಲಗೆಯ ಹಗ್ಗ ಹಿಡಿದು, ಕಣ್ಣು ಮುಚ್ಚಿ ಆ ಮೂಲೆಯಲ್ಲಿ ಕೂರುತ್ತಿದ್ದಳು. ನಾನೊಬ್ಬಳೇ ಹೋದರೆ ಎಲ್ಲಿ ಜಾಲಿಗೆ ಸಿಕ್ಕಿಬೀಳುತ್ತೇನೋ ಎಂಬ ಭಯ ಅವಳಿಗೆ ನೀರಿನ ಭಯಕ್ಕಿಂತ ದೊಡ್ಡದಾಗಿತ್ತು. ದಾರಿಯುದ್ದಕ್ಕೂ ಅವಳದ್ದು ಒಂದೇ ಮಾತು: "ಮೆಲ್ಲಗೆ ಕಣೇ, ಮೆಲ್ಲಗೆ." ನಾನು ಬೇಕೆಂದೇ ಒಂದು ಸಲ ಜೋರಾಗಿ ನೂಕಿ ಅವಳನ್ನು ಕಿರುಚಿಸುತ್ತಿದ್ದೆ. ಆಮೇಲೆ ಇಬ್ಬರೂ ನಗುತ್ತಿದ್ದೆವು.

ಮನೆಯಲ್ಲಿ ಮಾತ್ರ ನಗು ಕಡಿಮೆಯಾಗಿತ್ತು. ಅಕ್ಕನಿಗೆ ಇಪ್ಪತ್ತು ದಾಟುತ್ತಿತ್ತು, ಆ ಕಾಲಕ್ಕೆ ಅದು ದೊಡ್ಡ ಮಾತು. ಹೆಣ್ಣು ನೋಡಲು ಮೊದಲು ಬಂದವರು, ನೀರಿನ ಚೆಂಬು ಕೊಡಲು ಹೋದ ನನ್ನನ್ನು ನೋಡಿ "ಚಿಕ್ಕೋಳ್ನ ಕೊಡ್ತೀರಾ?" ಎಂದಿದ್ದರು. ಎರಡನೆಯವರಿಗೂ ಅದೇ ಚಪಲ. ನಾನು ಸ್ವಲ್ಪ ಬೆಳ್ಳಗಿದ್ದೆ, ಅಷ್ಟೇ. ಬೆಂಕಿ ಬೀಳ ಆ ಬಣ್ಣಕ್ಕೆ! ಎರಡನೆಯವರು ಹೋದ ಮೇಲೆ ಅಕ್ಕ ಬಾವಿಯ ಹತ್ತಿರ ಹೋಗಿ ನೀರು ಸೇದಿದಳು, ಸೇದಿದಳು. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಸೇದುತ್ತಲೇ ಇದ್ದಳು. ನಾನು ಹೋಗಿ ಹಗ್ಗ ಕಿತ್ತುಕೊಂಡೆ.

ಮೂರನೆಯ ಸಂಬಂಧ ಚಿಕ್ಕಜಾಲದ ಕಡೆಯಿಂದ ಬಂತು. ಅಪ್ಪ ಖಡಾಖಂಡಿತವಾಗಿ ಹೇಳಿದರು: "ಇದೂ ತಪ್ಪೋಯ್ತು ಅಂದ್ರೆ ದಾಸರಹಳ್ಳಿ ಎರಡ್ನೇ ಸಂಬಂಧಕ್ಕೆ ಊಂ ಅಂದ್ಬುಡ್ತೀನಿ." ದಾಸರಹಳ್ಳಿಯವನು ಹೆಂಡತಿ ಸತ್ತವನು, ವಯಸ್ಸಿನಲ್ಲಿ ಅಪ್ಪನ ವಾರಿಗೆಯವನು. ಅಕ್ಕ ಅಡುಗೆಮನೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡಳು. ಒಲೆಯೊಳಗೆ ಇಡಬೇಕಾದ ಸೌದೆ ಅವಳ ಕೈಯಲ್ಲೇ ಇತ್ತು.

ಆಮೇಲೆ ನನ್ನ ಕಡೆ ತಿರುಗಿದರು ಅಪ್ಪ. "ಅವ್ರು ಬಂದು ಓಗೋ ತನ್ಕ ನೀನು ಬಣವೆ ಇಂದೆ ಇರ್ಬೇಕು. ಮೊಕ ತೋರ್ಸಿದ್ರೆ ಕಾಲ್ ಮುರೀತೀನಿ."

"ಬಚ್ಚಿಟ್ಕೊಳ್ಳೋಣಂತೆ. ಆದ್ರೆ ದೋಣಿ ಯಾರ್ ತರ್ತಾರೆ?"

"ನಾನ್ ತತ್ತೀನಿ. ನಾನ್ ಮಾಡ್ಸಿದ್ ದೋಣಿ ನಂಗ್ ಗೊತ್ತಿಲ್ವಾ?"

ಅಯ್ಯೋ ದೇವರೇ! ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ: ಇದು ನೀರು ಕುಡಿಯೋ ಡ್ರಮ್ಮು, ಇದು ಅಕ್ಕ ಕೂರೋ ಮೂಲೆ, ಭಾರ ಇರೋರನ್ನ ಇಲ್ಲೇ ಕೂರಿಸಿ, ಯಾರೂ ಎದ್ದು ನಿಲ್ಲಬಾರದು, ಗಾಳಿ ಏಳೋದರೊಳಗೆ ಕರ್ಕೊಂಡು ಬನ್ನಿ. ಅಪ್ಪ ಎಲೆಯಡಿಕೆ ಅಗಿಯುತ್ತಾ ನೋಡಿದರು. "ಎಣ್ಮಕ್ಳು ಸೊಪ್ಪಿನ್ ಕುಕ್ಕೆ ಇಟ್ಕೊಂಡ್ ಕೂರೋ ಮೂಲೇಲಿ ಬೀಗ್ರನ್ನ ಕೂರ್ಸಕ್ಕಾಗ್ತೈತಾ? ನಿಂಗ್ಯಾಕ್ ಅದೆಲ್ಲ, ಓಗು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಬಂದ ಶುಕ್ರವಾರ ನಾನು ರಾಗಿಹುಲ್ಲಿನ ಬಣವೆಯ ಹಿಂದೆ ಕೂತೆ. ಅಮ್ಮ ಮುದ್ದೆ ತಂದುಕೊಟ್ಟು, "ಉಸಿರೆತ್ತಬೇಡ ಕಣೇ, ನಿನ್ ದಮ್ಮಯ್ಯ" ಎಂದು ಗಲ್ಲ ಹಿಡಿದು ಹೋದಳು. ಆಚೆ ದಡದಲ್ಲಿ ಅಪ್ಪ, ಬಂದ ನೆಂಟರು, ದೋಣಿ ಎಲ್ಲ ಕಾಣುತ್ತಿತ್ತು. ಆದರೆ ಹೊರಡುತ್ತಲೇ ಇಲ್ಲ! ಆಮೇಲೆ ಹೊಳೆಯಿತು, ಬೆಳಗಿನ ರಾಹುಕಾಲ ಕಳೆಯಲಿ ಎಂದು ಕಾಯುತ್ತಿದ್ದಾರೆ. ಕಾದರು, ಕಾದರು. ರಾಹುಕಾಲ ಕಳೆಯಿತು, ಬಿಸಿಲು ನೆತ್ತಿಗೆ ಬಂತು, ಜಾಲಿಯ ತುದಿಗಳು ಅಲ್ಲಾಡಲು ಶುರುವಾದವು. ಗಾಳಿ ಎದ್ದೇಬಿಟ್ಟಿತು.

ಆಗ ಹೊರಟರು. ನೋಡುತ್ತೇನೆ, ದೋಣಿಯ ಮೇಲೊಂದು ಕುರ್ಚಿ! ಎಲ್ಲಿಂದಲೋ ಎರವಲು ತಂದ ಮರದ ಕುರ್ಚಿ. ಅದರಲ್ಲಿ ಬಿಳಿ ರುಮಾಲಿನ ಒಬ್ಬ ದಪ್ಪ ಮುದುಕರು, ಗಂಡಿನ ತಾತ. ಕುರ್ಚಿ ಹಾಕಿದ್ದು ಎಲ್ಲಿ ಅಂತೀರಿ? ಎಡಗಡೆ, ಹಿಂದಿನ ಮೂಲೆಯಲ್ಲಿ, ನೀರು ಕುಡಿಯುವ ಡ್ರಮ್ಮಿನ ನೆತ್ತಿಯ ಮೇಲೆ. ಅಲ್ಲಿ ನೀರು ಸಿಡಿಯುವುದಿಲ್ಲ, ಹಲಗೆ ಚೊಕ್ಕಟವಾಗಿದೆ, ಅಪ್ಪನ ಲೆಕ್ಕಕ್ಕೆ ಅದು ಮರ್ಯಾದೆಯ ಜಾಗ. ಗಂಡು, ಅವನ ತಾಯಿ, ಇನ್ನೊಬ್ಬ ಚಿಕ್ಕಪ್ಪ ನಡುವೆ ಕೂತಿದ್ದರು. ಅಕ್ಕನ ಮೂಲೆ ಖಾಲಿ. ನಾನು ಹುಲ್ಲು ಕಚ್ಚಿಕೊಂಡು ಕೂತೆ.

ಅರ್ಧ ದಾರಿಯವರೆಗೆ ಹೇಗೋ ಬಂತು. ಆಮೇಲೆ ಅಪ್ಪನ ಗಳ ನೆಲಕ್ಕೆ ಎಟುಕದೆ ಅವರು ಮುಗ್ಗರಿಸಿದ್ದು ಕಂಡಿತು. ದೋಣಿ ಎಡಕ್ಕೆ ತಿರುಗಿತು. ಹಲಗೆ ಹಾಕಿ ಅಪ್ಪಾ, ಹಲಗೆ ಹಾಕಿ, ಎಂದು ನಾನು ಇಲ್ಲಿಂದ ಹಲ್ಲು ಕಚ್ಚಿ ಗೊಣಗುತ್ತಿದ್ದೆ. ಗಾಳಿ ದೋಣಿಯನ್ನು ಜಾಲಿಯ ಕಡೆಗೆ ಒಯ್ಯುತ್ತಿತ್ತು. ಒಂದು ಮುಳ್ಳುಕೊಂಬೆ ತಾತನ ರುಮಾಲನ್ನು ಎಳೆಯಿತು. ತಾತ ರುಮಾಲು ಹಿಡಿಯಲು ಎದ್ದು ನಿಂತರು.

ಹಿರಿಯರು ಎದ್ದರೆ ಕಿರಿಯರು ಕೂತಿರುವುದುಂಟೆ? ಗಂಡು ಎದ್ದ. ಚಿಕ್ಕಪ್ಪ ಎದ್ದ. ಗಂಡಿನ ತಾಯಿ ಸೆರಗು ತಲೆಗೆಳೆದುಕೊಂಡು ಎದ್ದರು. ಎದ್ದವರೆಲ್ಲ ತಾತನನ್ನು ಹಿಡಿದುಕೊಳ್ಳಲು ಅದೇ ಮೂಲೆಗೆ ಸರಿದರು. ಆ ಮೂಲೆ ಗುಳುಕ್ ಎಂದು ನೀರೊಳಗೆ ಹೋಯಿತು, ಕುರ್ಚಿ ಜಾರಿ ಕೆರೆಗೆ ಬಿತ್ತು, ಅಕ್ಕನ ಮೂಲೆಯ ಡ್ರಮ್ಮು ಮೇಲೆದ್ದು ಬಿಸಿಲಿಗೆ ಹೊಳೆಯಿತು. ಅವರಲ್ಲಿ ಒಬ್ಬರಿಗೂ ಈಜು ಬಾರದು ಎನ್ನುವುದು ಆ ಕೂಗಿನಲ್ಲೇ ಗೊತ್ತಾಗುತ್ತಿತ್ತು.

ನಾನು ಓಡಿದೆ. ಬಾಗಿಲಲ್ಲಿದ್ದ ಅಮ್ಮ "ಬ್ಯಾಡ ಕಣೇ, ನೋಡ್ಬುಡ್ತಾರೆ" ಎಂದು ಕೂಗಿದಳು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವಳದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ನೀರಿಗೆ ಧುಮುಕಿ, ಮುಳ್ಳು ತರಚಿದ್ದು ತಿಳಿಯದೆ ಈಜಿ, ಎದ್ದಿದ್ದ ಆ ಡ್ರಮ್ಮಿನ ಮೇಲಿನ ಹಗ್ಗಕ್ಕೆ ಎರಡೂ ಕೈಯಲ್ಲಿ ಜೋತುಬಿದ್ದೆ. ನನ್ನ ಭಾರಕ್ಕೆ ಅದು ಚೂರು ಇಳಿಯಿತು. ಚೂರೇ.

"ಕೂತ್ಕೊಳ್ರೀ!" ಎಂದು ಕಿರುಚಿದೆ. ಯಾರೂ ಕೂರಲಿಲ್ಲ, ಎಲ್ಲರೂ ತಾತನ ಮುಖ ನೋಡುತ್ತಿದ್ದರು. "ಆ ಮುದುಕಪ್ಪ ನಿಂತ್ರೆ ನಿಂತ್ಕೊಳ್ಳಿ, ನೀವ್ ಕೂತ್ಕೊಳ್ರೀ! ಮರ್ಯಾದೆ ದಡದಲ್ ಕೊಡೋರಂತೆ!"

ಮೊದಲು ಕೂತವನು ಗಂಡು. ತಾಯಿಯ ಕೈ ಹಿಡಿದು ಎಳೆದು ಕೂರಿಸಿದ. ತಾತ ತಾವಾಗಿ ಕೂರಲಿಲ್ಲ, ಜಾರಿ ಕುಂಡೆ ಊರಿದರು. ನಾನು ಹತ್ತಿಕೊಂಡು, "ತಾತ, ಈ ಮೂಲೆಗ್ ಬನ್ನಿ. ಏಳ್ಬೇಡಿ. ತೆವಳ್ಕೊಂಡು ಬನ್ನಿ" ಎಂದೆ. ಅಷ್ಟು ದೊಡ್ಡ ಮನುಷ್ಯರು ಮಗುವಿನ ಹಾಗೆ ತೆವಳುತ್ತಾ ಬಂದು ಅಕ್ಕನ ಮೂಲೆಯಲ್ಲಿ ಕೂತು ಹಗ್ಗ ಹಿಡಿದರು. ದೋಣಿ ಮಟ್ಟಕ್ಕೆ ಬಂತು. ಅಪ್ಪನ ಕೈಯಿಂದ ಹಲಗೆ ತೆಗೆದುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ದಡ ಸೇರುವ ಮೊದಲು ಡ್ರಮ್ಮೊಂದು ಡಬ್ ಎಂದಾಗ ಎಲ್ಲರೂ ಒಟ್ಟಿಗೆ ಬೆಚ್ಚಿದರು.

ಇಳಿದ ಮೇಲೆ ಗಂಡಿನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಯಾರ್ ಮಗ್ಳವ್ವ ನೀನು?"

ನನಗೆ ದಾಸರಹಳ್ಳಿಯವನು ನೆನಪಾದ. "ಕೂಲಿಯೋರ್ ಮಗಳು. ಹುಲ್ ಕುಯ್ಯಕ್ ಬಂದಿದ್ದೆ" ಎಂದೆ.

ಅಪ್ಪ ನೆಲ ನೋಡಿದರು. ಸುಳ್ಳು ಹೇಳಿದವಳು ನಾನೇ, ಅಕ್ಕನಿಗಾಗಿ ಹೇಳಿದ್ದು. ಅಷ್ಟಾದರೂ ಅಪ್ಪ ಅಲ್ಲವೆನ್ನಲಿಲ್ಲವಲ್ಲ ಎಂದು ಎದೆ ಕಿತ್ತುಬಂತು. ಅವರೆಲ್ಲ ಜಗಲಿ ಹತ್ತಿದರು. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತೆ. ಬಟ್ಟೆಯಿಂದ ನೀರು ಸೋರುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಒಳಗೆ ಹೋಗಿ ಬಟ್ಟೆ ಬದಲಾಯಿಸೋಣವೆಂದರೆ ಕೂಲಿಯವರ ಮಗಳು ನಡುಮನೆಗೆ ಹೋಗುವುದು ಹೇಗೆ?

ಅಕ್ಕ ತಟ್ಟೆ ಹಿಡಿದು ಹೊರಗೆ ಬಂದಳು. ಅಮ್ಮನ ಧಾರೆ ಸೀರೆ ಉಟ್ಟಿದ್ದಳು. ತಲೆ ತಗ್ಗಿಸಿಕೊಂಡೇ ಬಂದವಳು, ಕಾಫಿ ಲೋಟಗಳನ್ನು ಇಡಲು ಬಗ್ಗಿದಾಗ ಕೊಟ್ಟಿಗೆಯ ಕಡೆ ಕಣ್ಣು ಹಾಯಿಸಿದಳು. ನಾನು ಬೇಡ ಬೇಡ ಎಂದು ತಲೆಯಾಡಿಸಿದೆ. ಅವಳು ತಟ್ಟೆಯನ್ನು ಜಗಲಿಯ ಮೇಲೆ ಇಟ್ಟಳು. ಮೆಟ್ಟಿಲಿಳಿದು ನೆಟ್ಟಗೆ ನನ್ನ ಹತ್ತಿರ ಬಂದು, ಆ ಧಾರೆ ಸೀರೆಯ ಸೆರಗಿನಿಂದ ನನ್ನ ತಲೆ ಒರೆಸಿ, ಅದನ್ನೇ ನನ್ನ ಹೆಗಲಿಗೆ ಹೊದಿಸಿ ತಬ್ಬಿಕೊಂಡಳು. ಗಟ್ಟಿಯಾಗಿ ಮಾತಾಡದ ನಮ್ಮಕ್ಕ ಜಗಲಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಇವ್ಳು ನನ್ ತಂಗಿ. ಇವ್ಳಿಗೆ ಒಣಗಿದ್ ಬಟ್ಟೆ ಕೊಟ್ ಬತ್ತೀನಿ. ಆಮ್ಯಾಕೆ ನನ್ನ ನೋಡೋರಂತೆ."

"ಮಾಡ್ಕೊಂಡ್ಯಲ್ಲೇ ಹಾಳು" ಎಂದೆ ಅವಳ ಕಿವಿಯಲ್ಲಿ. "ಸುಮ್ನಿರು" ಎಂದಳು. ಅವಳ ಮೈ ನನ್ನ ಮೈಗಿಂತ ಹೆಚ್ಚು ನಡುಗುತ್ತಿತ್ತು.

ಅವರು ಕಾಫಿ ಕುಡಿದರು. ಅಕ್ಕನನ್ನು ಏನೋ ಕೇಳಿದರು, ಅವಳು ಏನೋ ಹೇಳಿದಳು. ಒಪ್ಪಿಗೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಹೊರಟಾಗ ತಾತ ಅಪ್ಪನಿಗೆ "ಗಳ ಆ ಮಗೀನ್ ಕೈಗೇ ಕೊಡಪ್ಪಾ" ಎಂದರು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ, ಅಪ್ಪ ಕೊಟ್ಟರು. ತಾತ ಯಾರೂ ಹೇಳದೆಯೇ ಅಕ್ಕನ ಮೂಲೆಗೆ ಹೋಗಿ ಕೂತರು. ಅಕ್ಕ ದಡದ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಳು.

ನಡುನೀರಿನಲ್ಲಿ, ನಾನು ಗಳ ಇಟ್ಟು ಹಲಗೆ ಎತ್ತಿಕೊಳ್ಳುವಾಗ, ತಾತ ಕೆಮ್ಮಿ ಅಪ್ಪನನ್ನು ಕೇಳಿದರು: "ಅಲ್ಲಪ್ಪಾ, ಚಿಕ್ಕೋಳ್ಗೆ ಎಲ್ಲಾದ್ರೂ ಮಾತಾಗೈತಾ?"

ನನ್ನ ಕೈಯಲ್ಲಿದ್ದ ಹಲಗೆ ನಿಂತುಹೋಯಿತು. ದೋಣಿಯೂ ನಿಂತಿತು. ಗಾಳಿ ತಿರುಗಿಸಲು ಶುರು ಮಾಡಿತು, ತಿರುಗಿಸಲಿ ಎಂದು ಬಿಟ್ಟೆ. ಎಲ್ಲರನ್ನೂ ಅಲ್ಲೇ ಜಾಲಿಯ ಮೇಲೆ ಹತ್ತಿಸಿ ಈಜಿ ಮನೆಗೆ ಹೋಗಿಬಿಡೋಣ ಎನ್ನುವಷ್ಟು ಸಿಟ್ಟು. ಅಪ್ಪ ನನ್ನ ಮುಖ ನೋಡಿದರು, ತಾತನ ಮುಖ ನೋಡಿದರು. "ಚಿಕ್ಕೋಳ್ ಮಾತು ಬ್ಯಾಡಿ" ಎಂದರು. "ಕೊಟ್ರೆ ದೊಡ್ಡೋಳ್ನೇ ಮೊದ್ಲು ಕೊಡದು."

ಆಗ ಗಂಡು ಬಾಯಿಬಿಟ್ಟ. ಬಂದಾಗಿನಿಂದ ನಾನು ಅವನ ದನಿ ಕೇಳಿರಲಿಲ್ಲ. "ತಾತ, ನಾವ್ ನೋಡಕ್ ಬಂದಿದ್ದು ದೊಡ್ಡೋರ್ನ. ನಾನ್ ನೋಡಾಯ್ತು. ನಮ್ಮೆದ್ರಿಗೇ ಹೋಗಿ ತಂಗೀನ ತಬ್ಕೊಂಡ್ರಲ್ಲ, ನಂಗಷ್ಟ್ ಸಾಕು." ಆಮೇಲೆ ನನ್ನ ಕಡೆ ತಿರುಗಿ, "ಹಲಗೆ ಹಾಕವ್ವ, ಮುಳ್ಳು ಹತ್ರ ಬಂತು" ಎಂದ.

ಹಾಕಿದೆ. ಕಣ್ಣಲ್ಲಿ ನೀರು ತುಂಬಿ ದಾರಿಯೇ ಕಾಣುತ್ತಿರಲಿಲ್ಲ. ತಾತ ಅಲ್ಲಾಡದೆ ಕೂತಿದ್ದರಿಂದ ದೋಣಿ ಮಾತ್ರ ನೆಟ್ಟಗೆ ಹೋಯಿತು.

ಸುಗ್ಗಿ ಕಳೆದ ಮೇಲೆ ಮದುವೆಯಾಯಿತು. ಗಂಡಿನ ಮನೆಗೆ ಹೊರಟ ದಿನ ಅಕ್ಕ ಮದುವೆ ಸೀರೆಯಲ್ಲೇ ತನ್ನ ಮೂಲೆಯಲ್ಲಿ ಕೂತು, ತೊಡೆಯ ಮೇಲೆ ಮಡಿಲಕ್ಕಿಯ ಗಂಟು ಇಟ್ಟುಕೊಂಡು, ಒಂದು ಕೈಯಲ್ಲಿ ಹಗ್ಗ ಹಿಡಿದು ಕಣ್ಣು ಮುಚ್ಚಿದಳು. ನಾನು ಒಂದು ಸಲವೂ ಜೋರಾಗಿ ನೂಕಲಿಲ್ಲ. ಆದರೂ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು, ಮೆಲ್ಲಗೆ ಕಣೇ, ಮೆಲ್ಲಗೆ. ಆಚೆ ದಡದಲ್ಲಿ ಗಾಡಿ ಕಾದಿತ್ತು. ಅವಳನ್ನು ಹತ್ತಿಸಿ, ಗಾಡಿ ಮರೆಯಾದ ಮೇಲೆ ಒಬ್ಬಳೇ ದೋಣಿ ಬಿಟ್ಟೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಅದು ಎಡಕ್ಕೆ ತಿರುಗಿತು.

ಮಾರನೆಯ ದಿನ ಏರಿಯ ಮೇಲಿಂದ ಒಂದು ಕಲ್ಲು ಉರುಳಿಸಿ ತಂದೆ. ಎತ್ತಿಡಲು ಅಪ್ಪನೇ ಬಂದು ಕೈಹಾಕಿದರು. ಯಾವ ಮೂಲೆಗೆ ಎಂದು ಕೇಳಲಿಲ್ಲ. ಕಲ್ಲು ಹೆಚ್ಚುಕಡಿಮೆ ಅಕ್ಕನಷ್ಟೇ ಭಾರವಿತ್ತು, ದೋಣಿ ನೆಟ್ಟಗೆ ಹೋಯಿತು. ನಡುನೀರಿಗೆ ಬಂದಾಗ ನಾನು ಬೇಕೆಂದೇ ಜೋರಾಗಿ ನೂಕಿದೆ. ಯಾರೂ ಏನೂ ಅನ್ನಲಿಲ್ಲ.